ಪಿತ್ತರಸದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಐದು ದಿನದ ಮಾತ್ರೆ ಬೇಕೇ?

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರ ಡಿಸ್ಚಾರ್ಜ್ ಚೀಟಿ ಒಮ್ಮೆ ತೆಗೆದು ನೋಡಿ. ನೋವಿಗೊಂದು ಮಾತ್ರೆ, ಗ್ಯಾಸ್‌ಗೊಂದು ಮಾತ್ರೆ ಇರುತ್ತದೆ. ಜೊತೆಗೆ ಬೆಳಿಗ್ಗೆ-ರಾತ್ರಿ ಐದು ದಿನ ನುಂಗಲು ಒಂದು ಆ್ಯಂಟಿಬಯೋಟಿಕ್. ಎಷ್ಟೋ ಆಸ್ಪತ್ರೆಗಳಲ್ಲಿ ಇದು ಮಾಮೂಲು. ಯಾಕೆ ಎಂದು ರೋಗಿ ಕೇಳುವುದಿಲ್ಲ, ಬರೆದವರೂ ಹೇಳುವುದಿಲ್ಲ.

ಕೆಲವರಿಗೆ ಆಮೇಲೆ ಇನ್ನೊಂದು ಕಾಗದ ಕೈಗೆ ಬರುತ್ತದೆ. ಆಪರೇಷನ್ ಹೊತ್ತಿನಲ್ಲಿ ಪಿತ್ತರಸವನ್ನು ಸ್ವಲ್ಪ ಸೂಜಿಯಲ್ಲಿ ಎಳೆದು ಲ್ಯಾಬಿಗೆ ಕಳಿಸಿದ್ದರೆ ಅದರ ಕಲ್ಚರ್ ರಿಪೋರ್ಟ್ ಅದು, ಅಂದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಎಂದು ನೋಡಿದ ವರದಿ. 'ಇ. ಕೋಲೈ ಬೆಳೆದಿದೆ' ಎಂದೋ 'ಕ್ಲೆಬ್ಸಿಯೆಲ್ಲಾ ಬೆಳೆದಿದೆ' ಎಂದೋ ಅದರಲ್ಲಿ ಬರೆದಿರುತ್ತದೆ. ಕೆಳಗೆ ಯಾವ ಔಷಧಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬ ಉದ್ದದ ಪಟ್ಟಿ. ಮನೆಯವರಿಗೆ ಗಾಬರಿ. ಹೊಟ್ಟೆಯೊಳಗೆ ಸೋಂಕು ಉಳಿದುಬಿಟ್ಟಿದೆಯಾ? ಆಪರೇಷನ್ ಸರಿಯಾಗಿ ಆಗಿಲ್ವಾ? ಅಷ್ಟರಲ್ಲಿ ರೋಗಿ ಆರಾಮಾಗಿ ಓಡಾಡಿಕೊಂಡಿರುತ್ತಾರೆ, ಗಾಯವೂ ಒಣಗಿರುತ್ತದೆ.

ಈ ಎರಡು ಕಾಗದಗಳ ನಡುವಿನ ಸಂಬಂಧ ಸರಿಯಾಗಿ ತಿಳಿಯಬೇಕಾದ ಕಾಲ ಇದು. ಪಿತ್ತಕೋಶದ ಕಲ್ಲಿನ ಆಪರೇಷನ್ ಈಗ ತಾಲ್ಲೂಕು ಊರಿನ ನರ್ಸಿಂಗ್ ಹೋಮ್‌ಗಳಲ್ಲೂ ನಡೆಯುತ್ತದೆ. ಇನ್ನೊಂದು ಕಡೆ, ನಮ್ಮ ದೇಶದಲ್ಲಿ ಆ್ಯಂಟಿಬಯೋಟಿಕ್‌ಗಳು ಒಂದೊಂದಾಗಿ ಸೋಲುತ್ತಿವೆ.

ಮೊದಲು ಪಿತ್ತರಸದ ವಿಷಯ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಪಿತ್ತಕೋಶದಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಅದು ಪಿತ್ತರಸದಲ್ಲಿನ ನೀರನ್ನು ಹೀರಿ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಎಣ್ಣೆ-ತುಪ್ಪದ ಊಟ ಕರುಳಿಗೆ ಇಳಿದಾಗ ಹಿಂಡಿ ಹೊರಗೆ ಬಿಡುತ್ತದೆ. ಪಿತ್ತನಾಳ ಹೋಗಿ ಸೇರುವುದು ಸಣ್ಣ ಕರುಳಿಗೆ. ಕರುಳು ಬ್ಯಾಕ್ಟೀರಿಯಾಗಳ ಮನೆ. ಆದರೂ ಆರೋಗ್ಯವಂತರ ಪಿತ್ತರಸವನ್ನು ಲ್ಯಾಬಿನಲ್ಲಿಟ್ಟರೆ ಸಾಮಾನ್ಯವಾಗಿ ಏನೂ ಬೆಳೆಯುವುದಿಲ್ಲ.

ಇದಕ್ಕೆ ಕಾರಣ ಹಲವು. ನಾಳದ ಬಾಯಲ್ಲಿ ಒಂದು ಬಿಗಿಯಾದ ಸ್ನಾಯು ಇದೆ. ಅದು ಪಿತ್ತರಸವನ್ನು ಕೆಳಗೆ ಬಿಡುತ್ತದೆ, ಕರುಳಿನದನ್ನು ಮೇಲೆ ಬಿಡುವುದಿಲ್ಲ. ಪಿತ್ತರಸ ಸದಾ ಕೆಳಮುಖವಾಗಿ ಹರಿಯುತ್ತಿರುವುದರಿಂದ ಅಪ್ಪಿತಪ್ಪಿ ಬಂದ ಬ್ಯಾಕ್ಟೀರಿಯಾ ಕೊಚ್ಚಿಕೊಂಡು ಹೋಗುತ್ತದೆ. ಕರುಳಿನಿಂದ ರಕ್ತದ ಮೂಲಕ ಲಿವರ್‌ಗೆ ಬಂದವನ್ನು ಅಲ್ಲಿನ ರಕ್ಷಣಾ ಕಣಗಳು ನುಂಗಿ ಹಾಕುತ್ತವೆ. ಪಿತ್ತರಸದ ಲವಣಗಳು ತಾವೇ ಎಷ್ಟೋ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ.

ಎಲ್ಲವನ್ನೂ ಕೊಲ್ಲುವುದಿಲ್ಲ, ತೊಡಕು ಇರುವುದೇ ಅಲ್ಲಿ. ಕರುಳಿನಲ್ಲೇ ಹುಟ್ಟಿ ಬೆಳೆದ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟರೊಕಾಕಸ್ ಮುಂತಾದವಕ್ಕೆ ಪಿತ್ತರಸ ಅಭ್ಯಾಸವಾಗಿಹೋಗಿದೆ. ಲ್ಯಾಬಿನವರಿಗೆ ಇದು ನೂರು ವರ್ಷದಿಂದ ಗೊತ್ತು. ಈಗಲೂ ದಿನಾ ಬಳಸುವ ಮೆಕಾಂಕಿ ಅಗರ್ ಎಂಬ ಪೋಷಕದಲ್ಲಿ ಪಿತ್ತ ಲವಣ ಬೆರೆಸಿರುತ್ತಾರೆ. ಬೇರೆ ಬ್ಯಾಕ್ಟೀರಿಯಾ ಸಾಯಲಿ, ಕರುಳಿನವು ಮಾತ್ರ ಬೆಳೆಯಲಿ ಎಂಬುದು ಅದರ ಉದ್ದೇಶ. ಪಿತ್ತಕೋಶದಲ್ಲೂ ಆಗುವುದು ಇದೇ. ಹರಿವು ನಿಂತರೆ ಪಿತ್ತರಸವನ್ನು ತಾಳಿಕೊಳ್ಳುವ ಜಾತಿಗಳು ಅಲ್ಲಿ ತಳ ಊರುತ್ತವೆ.

ಹರಿವು ನಿಲ್ಲಿಸುವುದು ಕಲ್ಲು. ಹಾಗಂತ ಕಲ್ಲಿದ್ದವರೆಲ್ಲರ ಪಿತ್ತರಸದಲ್ಲೂ ಬ್ಯಾಕ್ಟೀರಿಯಾ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ನೋವು ಬಂದು, ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡು, ದಿನ ಗೊತ್ತು ಮಾಡಿಕೊಂಡು ಆಪರೇಷನ್‌ಗೆ ಬರುವವರಲ್ಲಿ ಸುಮಾರು ಶೇ 10ರಿಂದ 30ರಷ್ಟು ಜನರ ಪಿತ್ತರಸದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪಿತ್ತಕೋಶ ಊದಿಕೊಂಡು ಜ್ವರ, ನೋವಿನಿಂದ ಎಮರ್ಜೆನ್ಸಿಗೆ ಬಂದವರಲ್ಲಿ ಈ ಪಾಲು ಅರ್ಧದ ಹತ್ತಿರ ಹೋಗಬಹುದು. ಕಲ್ಲು ಜಾರಿ ಮುಖ್ಯ ಪಿತ್ತನಾಳಕ್ಕೆ ಬಿದ್ದಿದ್ದರೆ ಇನ್ನೂ ಜಾಸ್ತಿ. ನಾಳ ತೆರೆದಿರಲೆಂದು ಅದರಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ್ದರೆ ಹೆಚ್ಚುಕಡಿಮೆ ಎಲ್ಲರಲ್ಲೂ. 70 ದಾಟಿದವರು, ಕಾಮಾಲೆ ಬಂದವರು, ಪಿತ್ತಕೋಶ ಪೂರ್ತಿ ಕೆಲಸ ನಿಲ್ಲಿಸಿರುವವರು, ಶುಗರ್ ಇರುವವರಲ್ಲೂ ಸಾಧ್ಯತೆ ಹೆಚ್ಚು.

ಅಂದರೆ 35 ವರ್ಷದ ಆರೋಗ್ಯವಂತ ಹೆಂಗಸಿನ ಪಿತ್ತಕೋಶ ಬೇರೆ. 74 ವರ್ಷದ, ಶುಗರ್ ಇರುವ, ಎರಡು ವಾರದ ಹಿಂದೆ ಸ್ಟೆಂಟ್ ಹಾಕಿಸಿಕೊಂಡ ಅಜ್ಜನ ಪಿತ್ತಕೋಶ ಬೇರೆ. ಇಬ್ಬರಿಗೂ ಒಂದೇ ಮಾತ್ರೆ, ಅದೇ ಐದು ದಿನ. ಮೊದಲನೆಯವರಿಗೆ ಅದು ಬೇಕಿಲ್ಲ. ಎರಡನೆಯವರಿಗೆ ಅದು ಸಾಲದೇ ಹೋಗಬಹುದು. ನನ್ನ ತಕರಾರು ಇಷ್ಟೇ. ಪಿತ್ತರಸದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅನ್ನುವುದಕ್ಕಿಂತ ಅದು ಯಾರ ಪಿತ್ತರಸ ಅನ್ನುವುದು ಮುಖ್ಯ. ನಮ್ಮ ಚೀಟಿಗಳು ಆ ವ್ಯತ್ಯಾಸವನ್ನೇ ನೋಡುತ್ತಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಬಿಡಿಸಿಕೊಳ್ಳಬೇಕು. ಪಿತ್ತಕೋಶದ ಉರಿಯೂತ ಎಂದ ಕೂಡಲೇ ನಾವು ಸೋಂಕು ಎಂದುಕೊಳ್ಳುತ್ತೇವೆ. ಶುರುವಿನಲ್ಲಿ ಅದು ಸೋಂಕಲ್ಲ. ಕಲ್ಲು ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಒತ್ತಡ ಏರುತ್ತದೆ. ಗಟ್ಟಿಯಾದ ಪಿತ್ತರಸ ಒಳಗೋಡೆಯನ್ನು ಕೆರಳಿಸಿ ಊದಿಸುತ್ತದೆ. ಬಲಗಡೆ ಪಕ್ಕೆಲುಬಿನ ಕೆಳಗೆ ತಡೆಯಲಾರದ ನೋವು, ಬೆನ್ನಿಗೆ, ಬಲ ಭುಜಕ್ಕೆ ಹರಿಯುವ ಸೆಳೆತ, ವಾಂತಿ. ಇಷ್ಟೂ ಬ್ಯಾಕ್ಟೀರಿಯಾ ಇಲ್ಲದೆಯೇ ಆಗಬಹುದು. ಬ್ಯಾಕ್ಟೀರಿಯಾ ಬಂದು ಸೇರುವುದು ಆಮೇಲೆ, ಅದೂ ಎಲ್ಲರಲ್ಲಿ ಅಲ್ಲ. ಸೇರಿ, ಕಲ್ಲೂ ಅಲ್ಲೇ ಕೂತಿದ್ದರೆ ಮಾತ್ರ ಕಷ್ಟ. ಕೀವು ತುಂಬಬಹುದು, ಗೋಡೆ ಕೊಳೆಯಬಹುದು. ಶುಗರ್ ಇರುವವರಲ್ಲಿ ಕೆಲವೊಮ್ಮೆ ಗಾಳಿ ಉಂಟುಮಾಡುವ ಬ್ಯಾಕ್ಟೀರಿಯಾ ಸೇರಿ ಪಿತ್ತಕೋಶದ ಗೋಡೆಯಲ್ಲೇ ಗಾಳಿ ತುಂಬುತ್ತದೆ. ಇವು ಜೀವಕ್ಕೆ ಅಪಾಯ ತರುವ ಸ್ಥಿತಿಗಳು.

ಇದನ್ನು ಅಂಕಿಯಲ್ಲೇ ನೋಡಬಹುದು. ಫ್ರಾನ್ಸ್‌ನ 17 ಆಸ್ಪತ್ರೆಗಳಲ್ಲಿ ನಡೆದ ಒಂದು ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಸಾಧಾರಣ ಅಥವಾ ಮಧ್ಯಮ ಮಟ್ಟದ ಉರಿಯೂತ ಇದ್ದ 414 ಜನ ಅದರಲ್ಲಿದ್ದರು. ಎಲ್ಲರಿಗೂ ಆಪರೇಷನ್‌ವರೆಗೆ ಆ್ಯಂಟಿಬಯೋಟಿಕ್ ಕೊಟ್ಟರು. ಆಮೇಲೆ ಅರ್ಧ ಜನಕ್ಕೆ ಐದು ದಿನ ಮುಂದುವರಿಸಿದರು, ಇನ್ನರ್ಧ ಜನಕ್ಕೆ ನಿಲ್ಲಿಸಿಬಿಟ್ಟರು. ಔಷಧಿ ಮುಂದುವರಿಸಿದವರಲ್ಲಿ ಶೇ 15ರಷ್ಟು ಜನರಿಗೆ ಸೋಂಕಾಯಿತು. ನಿಲ್ಲಿಸಿದವರಲ್ಲಿ ಶೇ 17ರಷ್ಟು ಜನರಿಗೆ. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಅಲ್ಲ. ಅವರ ಪಿತ್ತರಸ ಪರೀಕ್ಷಿಸಿದಾಗ ಸುಮಾರು ಶೇ 61ರಷ್ಟರಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇರಲೇ ಇಲ್ಲ. ನೆನಪಿಡಿ, ಇವರು ಪಿತ್ತಕೋಶ ಊದಿಕೊಂಡು ಬಂದವರು. ಅವರಿಗೇ ಆ ಐದು ದಿನದ ಮಾತ್ರೆ ಉಪಯೋಗಕ್ಕೆ ಬರಲಿಲ್ಲ. ಹಾಗಿದ್ದ ಮೇಲೆ ಊತವೇ ಇಲ್ಲದವರಿಗೆ ಕೊಡುವುದರಲ್ಲಿ ಏನು ಅರ್ಥ?

ಇದರ ಹಿಂದಿನ ಕಾರಣ ಸರಳ. ಬ್ಯಾಕ್ಟೀರಿಯಾ ಕೂತಿರುವ ಚೀಲವನ್ನೇ ಕತ್ತರಿಸಿ ಹೊರಗೆ ಹಾಕಿಯಾಯಿತು. ಉಳಿದಿದ್ದು ಏನಿದ್ದರೂ ತೆಗೆಯುವಾಗ ಹೊರಗೆ ಚೆಲ್ಲಿದ್ದು ಮಾತ್ರ.

ಆ ತೆಗೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲ್ಯಾಪ್ರೋಸ್ಕೋಪಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು. ಹೊಕ್ಕುಳಿನ ಹತ್ತಿರದ್ದರಲ್ಲಿ ಕ್ಯಾಮೆರಾ. ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಆಮೇಲೆ ಲಿವರ್‌ಗೆ ಅಂಟಿಕೊಂಡ ಪಿತ್ತಕೋಶವನ್ನು ನಿಧಾನವಾಗಿ ಬಿಡಿಸಬೇಕು. ಬಿಗಿಯಾಗಿ ಊದಿಕೊಂಡಿದ್ದರೆ ಹಿಡಿದ ಇಕ್ಕಳ ಜಾರುತ್ತದೆ, ಗೋಡೆ ಹರಿಯುತ್ತದೆ. ಹಸಿರು-ಕಂದು ಬಣ್ಣದ ಪಿತ್ತರಸ ಲಿವರ್ ಮೇಲೆ ಹರಿದು, ಸಣ್ಣ ಕಲ್ಲುಗಳು ಕರುಳಿನ ನಡುವೆ ಉರುಳುತ್ತವೆ. ಇದು ಅಪರೂಪವೇನಲ್ಲ, ಒಳ್ಳೆ ಕೈಗಳಲ್ಲೂ ಆಗುತ್ತದೆ. ಆಗ ಮಾಡಬೇಕಾದ್ದು ಚೆಲ್ಲಿದ್ದನ್ನು ಸಕ್ಷನ್‌ನಲ್ಲಿ ಹೀರಿ, ಸಲೈನ್ ಹಾಕಿ ತೊಳೆದು, ಕಣ್ಣಿಗೆ ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಹೆಕ್ಕುವುದು. ಹೊಟ್ಟೆಯೊಳಗೆ ಉಳಿದ ಕಲ್ಲು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ ಕೀವುಗಡ್ಡೆ ಮಾಡಿದ ಉದಾಹರಣೆಗಳಿವೆ. ಪಿತ್ತರಸದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಆ ಅಪಾಯ ಇನ್ನಷ್ಟು.

ಕೊನೆಗೆ ಬಿಡಿಸಿದ ಪಿತ್ತಕೋಶವನ್ನು ಹೊಕ್ಕುಳಿನ ಅಥವಾ ಎದೆಗೂಡಿನ ಕೆಳಗಿನ ತೂತಿನಿಂದ ಹೊರಗೆ ಎಳೆಯಬೇಕು. ಕಲ್ಲು ತುಂಬಿದ ಚೀಲ, ಒಂದು ಸೆಂಟಿಮೀಟರ್ ಆಸುಪಾಸಿನ ತೂತು. ಹಾಗೇ ಎಳೆದರೆ ಒಳಗಿನದೆಲ್ಲ ಗಾಯದ ಅಂಚಿಗೆ ಒರೆಸಿಕೊಳ್ಳುತ್ತದೆ. ಆಪರೇಷನ್ ನಂತರ ಸೋರುವ ಗಾಯ ಹೆಚ್ಚಾಗಿ ಇದೇ ತೂತಿನದು. ಅದಕ್ಕೇ ಪಿತ್ತಕೋಶವನ್ನು ಹೊಟ್ಟೆಯೊಳಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎಳೆಯುತ್ತಾರೆ. ಕಂಪನಿ ಚೀಲಕ್ಕೆ ದುಡ್ಡು ಜಾಸ್ತಿ ಎಂದು ನಮ್ಮ ಸರ್ಜನ್‌ಗಳು ಶುದ್ಧೀಕರಿಸಿದ ಕೈಗವಸನ್ನೇ ಕಟ್ಟಿ ಚೀಲ ಮಾಡಿಕೊಳ್ಳುತ್ತಾರೆ. ಪೌಡರ್ ತೊಳೆದು ಸರಿಯಾಗಿ ಬಳಸಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನಗೆ ತುಂಬ ಗೌರವ ಇರುವ ಜಾಣತನ ಇದು. ಕಡಿಮೆ ಖರ್ಚಿನ ಈ ಕೈಗವಸು ಗಾಯವನ್ನು ಎಷ್ಟು ಕಾಯುತ್ತದೋ ಅಷ್ಟನ್ನು ಐದು ದಿನದ ಮಾತ್ರೆ ಕಾಯುವುದಿಲ್ಲ.

ಹಾಗಾದರೆ ಈ ಮಾತ್ರೆಯ ರೂಢಿ ಎಲ್ಲಿಂದ ಬಂತು? ನನಗನಿಸುವಂತೆ ಹಳೆಯ ಆಪರೇಷನ್ ಕಾಲದಿಂದ. ಬರ್ಲಿನ್‌ನ ಕಾರ್ಲ್ ಲಾಂಗನ್‌ಬುಖ್ 1882ರಲ್ಲಿ ಮೊದಲ ಸಲ ಪಿತ್ತಕೋಶ ತೆಗೆದಾಗಿನಿಂದ ನೂರು ವರ್ಷ, ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಹೊಟ್ಟೆ ಸೀಳಿಯೇ ಈ ಕೆಲಸ ಮಾಡುತ್ತಿದ್ದರು. ಗಾಯ ದೊಡ್ಡದು, ಸೋಂಕೂ ಜಾಸ್ತಿ, ಆಸ್ಪತ್ರೆಯಲ್ಲಿ ವಾರಗಟ್ಟಲೆ ವಾಸ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ತೂತಿನ ಮೂಲಕ ಪಿತ್ತಕೋಶ ತೆಗೆದು ತೋರಿಸಿದರು. ಭಾರತದಲ್ಲಿ 1990ರಲ್ಲಿ ಮುಂಬೈನ ಡಾ. ಟೆಹೆಮ್ಟನ್ ಉದ್ವಾಡಿಯಾ ಅದನ್ನು ಶುರು ಮಾಡಿದರು. ಗಾಯ ಚಿಕ್ಕದಾಯಿತು, ಸೋಂಕು ಕಡಿಮೆಯಾಯಿತು, ಜನ ಮರುದಿನವೇ ಮನೆಗೆ ಹೋಗುವಂತಾಯಿತು. ಚೀಟಿ ಮಾತ್ರ ಹಳೆಯದೇ ಉಳಿಯಿತು.

ಆಪರೇಷನ್‌ಗೆ ಮುಂಚಿನ ಒಂದು ಇಂಜೆಕ್ಷನ್ ವಿಷಯ ಬೇರೆ. ಅದನ್ನು ಈ ಐದು ದಿನದ ಮಾತ್ರೆಯ ಜೊತೆ ಸೇರಿಸಬಾರದು. ಕತ್ತಿ ತಾಗಿಸುವ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್‌ನಂಥ ಔಷಧಿ ರಕ್ತಕ್ಕೆ ಸೇರಿದ್ದರೆ, ಬ್ಯಾಕ್ಟೀರಿಯಾ ಚೆಲ್ಲುವ ಹೊತ್ತಿಗೆ ಅದು ಗಾಯದ ಜಾಗದಲ್ಲಿ ಸಿದ್ಧವಾಗಿರುತ್ತದೆ. ಊತ, ಕಾಮಾಲೆ, ನಾಳದ ಕಲ್ಲು, ಹೆಚ್ಚು ವಯಸ್ಸು, ಶುಗರ್ ಇರುವವರಿಗೆ ಈ ಡೋಸ್ ಬೇಕು ಎಂಬುದರಲ್ಲಿ ಜಗಳವಿಲ್ಲ. ಯಾವ ಅಪಾಯವೂ ಇಲ್ಲದವರಿಗೆ ಇದೂ ಬೇಕಿಲ್ಲ ಎಂದು ಪಶ್ಚಿಮದ ಹಲವು ಮಾರ್ಗಸೂಚಿಗಳು ಹೇಳುತ್ತವೆ. ಆದರೆ ಜಪಾನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2014ರಲ್ಲೇ ಪ್ರಕಟವಾದ ಪರೀಕ್ಷೆಯಲ್ಲಿ ಬೇರೆ ಫಲಿತಾಂಶ ಬಂತು. ಔಷಧಿ ಪಡೆದವರಲ್ಲಿ ಗಾಯದ ಸೋಂಕು ಶೇ 1ಕ್ಕಿಂತ ಕಡಿಮೆ. ಪಡೆಯದವರಲ್ಲಿ ಶೇ 4ರ ಹತ್ತಿರ. ಹಾಗಾಗಿ ನಮ್ಮ ಪರಿಸ್ಥಿತಿಯಲ್ಲಿ ಸರ್ಜನ್ ಎಲ್ಲರಿಗೂ ಒಂದು ಡೋಸ್ ಕೊಟ್ಟರೆ ಅದನ್ನು ತಪ್ಪು ಎನ್ನಲಾರೆ. ಗಾಯ ಹೊಲಿದ ಮೇಲೆ ಮುಂದುವರಿಸುವುದನ್ನು ಮಾತ್ರ ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2016ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ. ಸೋಂಕು ತಡೆಯಲೆಂದು ಕೊಡುವ ಆ್ಯಂಟಿಬಯೋಟಿಕ್‌ ಅನ್ನು ಆಪರೇಷನ್ ಮುಗಿದ ನಂತರ ಎಳೆಯಬೇಡಿ ಎಂದು. ಪಿತ್ತಕೋಶದ ಉರಿಯೂತಕ್ಕೇ ಮೀಸಲಾದ 2018ರ ಟೋಕಿಯೊ ಮಾರ್ಗಸೂಚಿಯೂ ಸಾಧಾರಣ ಮತ್ತು ಮಧ್ಯಮ ಹಂತದವರಿಗೆ ಆಪರೇಷನ್ ಆದ 24 ಗಂಟೆಯೊಳಗೆ ನಿಲ್ಲಿಸಬಹುದು ಎನ್ನುತ್ತದೆ. ಬೇರೆ ಅಂಗಗಳೂ ಸೋಲುತ್ತಿರುವ ತೀವ್ರ ಹಂತದವರಿಗೆ ಮಾತ್ರ 4ರಿಂದ 7 ದಿನ.

'ಇರಲಿ ಬಿಡಿ, ಸುಮ್ನೆ ಐದು ದಿನ ನುಂಗಿದರೆ ನಷ್ಟ ಏನು?' ಎಂದು ಕೇಳುವವರಿದ್ದಾರೆ. ಹತ್ತಿರದವರ ವಿಷಯದಲ್ಲಿ ನಮಗೆಲ್ಲ ಹಾಗೇ ಅನ್ನಿಸುತ್ತದೆ, ಅಲ್ವಾ? ಉತ್ತರ ನಮ್ಮದೇ ಕರುಳಿನಲ್ಲಿದೆ.

ಪಿತ್ತರಸಕ್ಕೆ ಬರುವ ಬ್ಯಾಕ್ಟೀರಿಯಾ ಕರುಳಿನದು. ಮಾತ್ರೆ ನುಂಗಿದಾಗಲೆಲ್ಲ ಕರುಳಿನಲ್ಲಿ ಸುಲಭಕ್ಕೆ ಸಾಯುವವು ಸಾಯುತ್ತವೆ, ಸಾಯದವು ಉಳಿದು ಹೆಚ್ಚುತ್ತವೆ. ಮುಂದೊಮ್ಮೆ ನಾಳಕ್ಕೆ ಏರುವುದು ಈ ಉಳಿದವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಿಂದ ದೇಶದ ದೊಡ್ಡ ಆಸ್ಪತ್ರೆಗಳ ಜಾಲದ ಮೂಲಕ ಇದರ ಲೆಕ್ಕ ಇಡುತ್ತಿದೆ. ಅದರ 2023ರ ವರದಿ ಪ್ರಕಾರ ಸೆಫೋಟ್ಯಾಕ್ಸಿಮ್, ಸೆಫ್ಟಾಜಿಡಿಮ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಗಳು ಇ. ಕೋಲೈ ವಿರುದ್ಧ ಕೆಲಸ ಮಾಡಿದ್ದು ಶೇ 20ಕ್ಕಿಂತ ಕಡಿಮೆ ಮಾದರಿಗಳಲ್ಲಿ. ದೊಡ್ಡ ಆಸ್ಪತ್ರೆಗಳಿಗೆ ಬರುವವರು ಮೊದಲೇ ಹತ್ತು ಕಡೆ ಔಷಧಿ ತೆಗೆದುಕೊಂಡವರು, ಹಾಗಾಗಿ ಊರಿನ ಸಾಮಾನ್ಯರಲ್ಲಿ ಸ್ಥಿತಿ ಇಷ್ಟು ಕೆಟ್ಟಿರಲಾರದು. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವ ಸೆಫಿಕ್ಸಿಮ್ ಕೂಡ ಸೆಫೋಟ್ಯಾಕ್ಸಿಮ್‌ನ ಗುಂಪಿನದೇ. ಎಂಟರೊಕಾಕಸ್ ಮೇಲಂತೂ ಈ ಗುಂಪಿನ ಔಷಧಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅಂದರೆ ಬೇಕಿಲ್ಲದವರಿಗೆ ಕೊಡುತ್ತಿರುವ ಮಾತ್ರೆ, ಬೇಕಿರುವವರ ಪಾಲಿಗೂ ಎಷ್ಟೋ ಸಲ ಸತ್ತ ಮಾತ್ರೆ.

ಪಿತ್ತನಾಳಕ್ಕೆ ನೇರ ಸಂಬಂಧಿಸಿದ ಇನ್ನೊಂದು ವರದಿ 2025ರ ನವೆಂಬರ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂತು. ಹೈದರಾಬಾದ್‌ನ ಎಐಜಿ ಆಸ್ಪತ್ರೆಯವರು ಇದರಲ್ಲಿದ್ದರು. ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ, ಸ್ಟೆಂಟ್ ಹಾಕುವ ಇಆರ್‌ಸಿಪಿಗೆ ಬಂದ ನಾಲ್ಕು ದೇಶದ ರೋಗಿಗಳನ್ನು ಪರೀಕ್ಷಿಸಿದರು. ಹಲವು ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಭಾರತದವರಲ್ಲಿ ಶೇ 83ರಷ್ಟು ಜನರಲ್ಲಿತ್ತು. ಇಟಲಿಯಲ್ಲಿ ಇದು ಶೇ 31ರ ಆಸುಪಾಸು, ಅಮೆರಿಕದಲ್ಲಿ 20, ನೆದರ್‌ಲೆಂಡ್ಸ್‌ನಲ್ಲಿ 11. ಅವರೆಲ್ಲ ಕಾಯಿಲೆ ಬಿದ್ದಿದ್ದರು ಎಂದಲ್ಲ, ಆ ಬ್ಯಾಕ್ಟೀರಿಯಾವನ್ನು ಮೈಯಲ್ಲಿ ಹೊತ್ತಿದ್ದರು. ಪಿತ್ತನಾಳಕ್ಕೆ ಉಪಕರಣ ತೂರಿಸುವ ಮುಂಚೆಯೇ ಇಂಥ ಸ್ಥಿತಿ ಇದ್ದರೆ, ಆ ನಂತರ ಪಿತ್ತಕೋಶ ತೆಗೆಯಲು ಬರುವವರ ಪಿತ್ತರಸದಲ್ಲಿ ಏನು ಬೆಳೆದಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಸೆಫಿಕ್ಸಿಮ್ ಸೇರಿದಂತೆ ಹಲವು ಆ್ಯಂಟಿಬಯೋಟಿಕ್‌ಗಳನ್ನು 2014ರ ಮಾರ್ಚ್‌ನಿಂದ ಎಚ್1 ಪಟ್ಟಿಗೆ ಸೇರಿಸಿದ್ದಾರೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಆ ಕಾನೂನು ಮೆಡಿಕಲ್ ಶಾಪ್ ಮೇಲೆ ಕಣ್ಣಿಟ್ಟಿದೆ. ಚೀಟಿಯೇ ಬೇಡದ್ದನ್ನು ಬರೆದರೆ ಅದಕ್ಕೆ ಏನೂ ಮಾಡಲಾಗದು.

ಈಗ ಸರ್ಜನ್‌ಗಳ ಕಡೆಯಿಂದ ನೋಡೋಣ. ಅವರು ಮೂರ್ಖತನದಿಂದ ಇದನ್ನು ಬರೆಯುವುದಿಲ್ಲ. ಅನೇಕರಿಗೆ ಮಾರ್ಗಸೂಚಿ ಗೊತ್ತು. ಆದರೆ ಗಾಯ ಕೀವಾದರೆ ರೋಗಿಯ ಕಡೆಯವರು ಬಂದು ನಿಲ್ಲುವುದು ಅವರ ಬಾಗಿಲಲ್ಲಿ. ಜೊತೆಗೆ ಆಪರೇಷನ್ ಥಿಯೇಟರಿನ (ಓಟಿ) ಶುದ್ಧತೆ ಬಗ್ಗೆ, ಉಪಕರಣ ತೊಳೆಯುವ ಕ್ರಮದ ಬಗ್ಗೆ ಅವರಿಗೇ ಪೂರ್ತಿ ಭರವಸೆ ಇರುವುದಿಲ್ಲ. ಮಾತ್ರೆ ಬರೆದರೆ ಸಮಾಧಾನ. ಈ ಭಯ ನಿಜವಾದದ್ದು. ಆದರೆ ಆ ಭಯಕ್ಕೆ ಈ ಮಾತ್ರೆ ಮದ್ದೇ ಅಲ್ಲ. ಇದಕ್ಕೆ ನಮ್ಮ ದೇಶದಲ್ಲೇ ಕಣ್ಣಿಗೆ ಕಟ್ಟುವ ಒಂದು ಸಾಕ್ಷಿ ಇದೆ.

ಕೆಲವರಿಗೆ ಲ್ಯಾಪ್ರೋಸ್ಕೋಪಿ ಗಾಯ ಮೊದಲು ಚೆನ್ನಾಗಿಯೇ ಒಣಗುತ್ತದೆ. ಹೊಲಿಗೆ ಬಿಚ್ಚಿಯಾಗಿರುತ್ತದೆ. ಮೂರು-ನಾಲ್ಕು ವಾರ, ಕೆಲವೊಮ್ಮೆ ಎರಡು ತಿಂಗಳು ಕಳೆದ ಮೇಲೆ ಅದೇ ತೂತಿನ ಜಾಗದಲ್ಲಿ ಗಂಟು ಏಳುತ್ತದೆ. ಒಡೆದು ನೀರಿನಂಥ ಕೀವು ಸೋರುತ್ತದೆ. ಮಾತ್ರೆ ಬದಲಾಯಿಸಿದರೂ ಕೇಳುವುದಿಲ್ಲ, ಕೊಯ್ದು ತೊಳೆದರೂ ಮತ್ತೆ ಬರುತ್ತದೆ. ಎಷ್ಟೋ ಸಲ ಟಿಬಿ ಎಂದು ತಿಳಿದು ಔಷಧಿ ಶುರು ಮಾಡುತ್ತಾರೆ. ಇದಕ್ಕೆ ಕಾರಣ ಪಿತ್ತರಸದ ಬ್ಯಾಕ್ಟೀರಿಯಾ ಅಲ್ಲ. ಟಿಬಿಯ ಬಳಗಕ್ಕೆ ಸೇರಿದ, ನೀರಿನಲ್ಲೂ ಮಣ್ಣಿನಲ್ಲೂ ಬದುಕುವ ಮೈಕೋಬ್ಯಾಕ್ಟೀರಿಯಾ ಜಾತಿಗಳು. ಅವು ಬರುವುದು ಉಪಕರಣದಿಂದ. ಲ್ಯಾಪ್ರೋಸ್ಕೋಪಿ ಉಪಕರಣಗಳಿಗೆ ಸಂದಿಗೊಂದಿ ಜಾಸ್ತಿ. ಅವನ್ನು ಬಿಚ್ಚಿ, ಉಜ್ಜಿ, ಅಂಟಿದ ರಕ್ತ-ಮಾಂಸ ತೆಗೆದು ಆಮೇಲೆ ಶುದ್ಧೀಕರಿಸಬೇಕು. ದಿನಕ್ಕೆ ನಾಲ್ಕೈದು ಆಪರೇಷನ್ ಇದ್ದು ಸೆಟ್ ಒಂದೇ ಇದ್ದರೆ ಏನಾಗುತ್ತದೆ? ಒಂದು ಕೇಸಿಗೂ ಇನ್ನೊಂದಕ್ಕೂ ನಡುವೆ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ 20 ನಿಮಿಷ ಮುಳುಗಿಸಿ ತೆಗೆಯುತ್ತಾರೆ. ಆ ದ್ರಾವಣದಲ್ಲಿ ಪೂರ್ತಿ ಶುದ್ಧವಾಗಲು ಎಂಟು-ಹತ್ತು ಗಂಟೆ ಬೇಕು. ತೆಗೆದ ಮೇಲೆ ನಲ್ಲಿ ನೀರಿನಲ್ಲಿ ಜಾಲಾಡಿಸಿದರೆ ಮಾಡಿದ್ದೂ ವ್ಯರ್ಥ. ಈ ಸೋಂಕಿಗೆ ಸಿಲುಕಿದವರು ತಿಂಗಳುಗಟ್ಟಲೆ ಎರಡು-ಮೂರು ಬಗೆಯ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ಡಿಸ್ಚಾರ್ಜ್ ಚೀಟಿಯ ಸೆಫಿಕ್ಸಿಮ್ ಇದನ್ನು ಮುಟ್ಟುವುದೂ ಇಲ್ಲ.

ಆದ್ದರಿಂದ ಆಸ್ಪತ್ರೆಯೊಂದು ಪ್ರತಿ ರೋಗಿಯ ಐದು ದಿನದ ಮಾತ್ರೆಗೆ ಸುರಿಸುವ ಹಣವನ್ನು ಇನ್ನೊಂದು ಸೆಟ್ ಉಪಕರಣಕ್ಕೆ, ಬಿಸಿ ಆವಿಯಲ್ಲಿ ಶುದ್ಧೀಕರಿಸುವ ಆಟೋಕ್ಲೇವ್‌ಗೆ, ಉಪಕರಣ ತೊಳೆಯುವ ಹುಡುಗರಿಗೆ ಸರಿಯಾಗಿ ಕಲಿಸುವುದಕ್ಕೆ ಹಾಕಿದರೆ ಗಾಯಗಳು ಕಡಿಮೆ ಸೋರುತ್ತವೆ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಮತ್ತೆ ಕಲ್ಚರ್ ರಿಪೋರ್ಟ್‌ಗೆ ಬರೋಣ. ಅದು ದಂಡವೇ? ಅಲ್ಲ. ಯಾರಿಗೆ ಎಂಬುದು ಇಲ್ಲೂ ಮುಖ್ಯ. ಊತ ಇಲ್ಲದ, ಅಪಾಯ ಇಲ್ಲದ ರೋಗಿಯ ಪಿತ್ತರಸ ಕಳಿಸಿ ಪ್ರಯೋಜನವಿಲ್ಲ. ಬ್ಯಾಕ್ಟೀರಿಯಾ ಬೆಳೆದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಗೊತ್ತಾಗಲು ಎರಡು-ಮೂರು ದಿನ ಬೇಕು. ಅಷ್ಟರಲ್ಲಿ ರೋಗಿ ಮನೆಯಲ್ಲಿರುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೂ, ಜ್ವರ ಇಲ್ಲ, ಹೊಟ್ಟೆ ನೋವಿಲ್ಲ, ಗಾಯ ಒಣಗಿದೆ ಎಂದಾದರೆ ಆ ಕಾಗದಕ್ಕೆ ಔಷಧಿ ಬೇಕಿಲ್ಲ. ಅದು ಹೊರಗೆ ತೆಗೆದ ಅಂಗದ ರಿಪೋರ್ಟ್. ಗಾಯಕ್ಕೆ ಸೋಂಕಾದಾಗ ಅಲ್ಲಿ ಸಿಗುವ ಬ್ಯಾಕ್ಟೀರಿಯಾವೂ ಎಷ್ಟೋ ಸಲ ಪಿತ್ತರಸದ್ದಲ್ಲ, ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್.

ಊತ ಜೋರಾಗಿದ್ದವರು, ಕೀವು ತುಂಬಿದವರು, ಸ್ಟೆಂಟ್ ಇದ್ದವರು, ನಾಳದ ಸೋಂಕಿನಿಂದ ಬಂದವರ ವಿಷಯದಲ್ಲಿ ಮಾತ್ರ ಆ ಸೂಜಿ ಪಿತ್ತರಸ ಬಂಗಾರ. ಟೋಕಿಯೊ ಮಾರ್ಗಸೂಚಿಯೂ ಸಾಧಾರಣ ಹಂತದವರನ್ನು ಬಿಟ್ಟು ಉಳಿದವರಿಗೆ ಕಲ್ಚರ್ ಕಳಿಸಿ ಎನ್ನುತ್ತದೆ. ಇವರಿಗೆ ನಾಳೆ ಜ್ವರ ಬಂದರೆ ಯಾವ ಔಷಧಿ ಎಂದು ಕತ್ತಲಲ್ಲಿ ತಡಕಾಡಬೇಕಿಲ್ಲ. ನಾಳ ಕಟ್ಟಿಕೊಂಡಿದ್ದರೆ ರಕ್ತಕ್ಕೆ ಕೊಟ್ಟ ಔಷಧಿ ಪಿತ್ತರಸಕ್ಕೆ ಸರಿಯಾಗಿ ಸೇರುವುದೂ ಇಲ್ಲ ಎಂಬುದು ನೆನಪಿರಲಿ. ಅಲ್ಲಿ ಔಷಧಿಗಿಂತ ಮೊದಲು ಕಟ್ಟು ಬಿಡಿಸಬೇಕು.

ಪಿತ್ತರಸ ನಿಜವಾಗಿಯೂ ಸೋಂಕಾಗಿರುವ ಕಡೆ ತಕ್ಕ ಔಷಧಿ ಆರಿಸಿದರೆ ಎಷ್ಟು ಲಾಭ ಎಂಬುದಕ್ಕೂ ಪುರಾವೆ ಇದೆ. ಮೇದೋಜೀರಕದ (ಪ್ಯಾಂಕ್ರಿಯಾಸ್) ತಲೆ ತೆಗೆಯುವ ದೊಡ್ಡ ಆಪರೇಷನ್‌ಗೆ ಬರುವವರಲ್ಲಿ ತುಂಬ ಜನಕ್ಕೆ ಮೊದಲೇ ಪಿತ್ತನಾಳದ ಸ್ಟೆಂಟ್ ಇರುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 778 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಪರೇಷನ್ ಹೊತ್ತಿಗೆ ಕೊಡುವ ಹಳೆಯ ಸೆಫಾಕ್ಸಿಟಿನ್ ಬದಲು ಪಿಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಕೊಟ್ಟು ನೋಡಿದರು. ಸೋಂಕು ಸುಮಾರು ಶೇ 33ರಿಂದ 20ಕ್ಕೆ ಇಳಿಯಿತು. ದಿನ ಜಾಸ್ತಿ ಮಾಡಿದ್ದರಿಂದಲ್ಲ, ಔಷಧಿ ಸರಿ ಹೊಂದಿದ್ದರಿಂದ. ಇದೇ ಔಷಧಿ ನಮ್ಮಲ್ಲೂ ಸರಿ ಹೊಂದುತ್ತದೆ ಎನ್ನಲಾಗದು, ನಮ್ಮ ಬ್ಯಾಕ್ಟೀರಿಯಾ ಬೇರೆ. ಅದಕ್ಕೇ ಪ್ರತಿ ಆಸ್ಪತ್ರೆ ತನ್ನ ಅಪಾಯದ ರೋಗಿಗಳ ಪಿತ್ತರಸದಲ್ಲಿ ಒಂದು ವರ್ಷದಲ್ಲಿ ಏನು ಬೆಳೆಯಿತು, ಯಾವುದಕ್ಕೆ ಬಗ್ಗಿತು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಓಟಿ ಗೋಡೆಗೆ ಅಂಟಿಸಿಕೊಳ್ಳಬೇಕು. ಮೆಡಿಕಲ್ ಕಾಲೇಜುಗಳಿಗೆ, ಜಿಲ್ಲಾ ಆಸ್ಪತ್ರೆಗಳಿಗೆ ಇದು ದೊಡ್ಡ ಕೆಲಸವಲ್ಲ. ಮಾಹಿತಿ ಲ್ಯಾಬಿನ ಪುಸ್ತಕದಲ್ಲೇ ಬಿದ್ದಿರುತ್ತದೆ.

ಟೈಫಾಯ್ಡ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಅದು ಇನ್ನೂ ಮನೆಮಾತು. ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕೆ ಪಿತ್ತಕೋಶದ ಕಲ್ಲು ಅಡಗುತಾಣ. ಕಲ್ಲಿನ ಮೇಲೆ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಕೂರುತ್ತದೆ, ಮಲದಲ್ಲಿ ಹೊರಗೆ ಬರುತ್ತಿರುತ್ತದೆ, ಹೊತ್ತವರಿಗೆ ಏನೂ ಆಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಕಥೆ ಇದೇ. 1907ರಲ್ಲಿ ಹಿಡಿದು ದ್ವೀಪದ ಆಸ್ಪತ್ರೆಯಲ್ಲಿಟ್ಟರು. ಪಿತ್ತಕೋಶ ತೆಗೆಸಿಕೊ ಎಂದರೆ ಆಕೆ ಒಪ್ಪಲಿಲ್ಲ. ಆ ಕಾಲದಲ್ಲಿ ಆ ಆಪರೇಷನ್ ಎಷ್ಟು ಅಪಾಯದ್ದು ಎಂದು ನೋಡಿದರೆ ಆಕೆಯನ್ನು ದೂರುವ ಹಾಗಿಲ್ಲ. 1910ರಲ್ಲಿ ಬಿಡುಗಡೆಯಾಗಿ ಮತ್ತೆ ಅಡುಗೆಗೆ ಸೇರಿದ್ದರಿಂದ 1915ರಲ್ಲಿ ಮತ್ತೆ ಹಿಡಿದರು. 1938ರಲ್ಲಿ ಸಾಯುವವರೆಗೂ ಆಕೆ ಅಲ್ಲೇ ಇದ್ದರು. ಇವತ್ತು ಪಿತ್ತರಸದ ಕಲ್ಚರ್‌ನಲ್ಲಿ ಟೈಫಾಯ್ಡ್‌ನ ಸಾಲ್ಮೊನೆಲ್ಲಾ ಟೈಫಿ ಬಂದರೆ ಆ ಒಂದು ರಿಪೋರ್ಟನ್ನು ಮಾತ್ರ ಹಾಗೇ ಮಡಚಿಡಬಾರದು. ರೋಗಿಗೆ ಆರಾಮಿದ್ದರೂ ಡಾಕ್ಟರಿಗೆ ತೋರಿಸಬೇಕು. ಅದರಲ್ಲೂ ಅವರು ಹೋಟೆಲ್, ಮೆಸ್, ಬಿಸಿಯೂಟದ ಅಡುಗೆಯಲ್ಲಿದ್ದರೆ.

ಓದುತ್ತಿರುವವರಲ್ಲಿ ಯಾರಾದರೂ ಈಗಷ್ಟೇ ಆಪರೇಷನ್ ಮಾಡಿಸಿಕೊಂಡಿದ್ದರೆ, ಈ ಲೇಖನ ನೋಡಿ ನುಂಗುತ್ತಿರುವ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಪಿತ್ತಕೋಶ ಒಳಗೆ ಹೇಗಿತ್ತು ಎಂದು ಕಣ್ಣಾರೆ ಕಂಡವರು ನಿಮ್ಮ ಸರ್ಜನ್. ಅವರನ್ನೇ ಕೇಳಿ: ಡಾಕ್ಟ್ರೇ, ಕೀವು ಇತ್ತಾ, ಪಿತ್ತರಸ ಚೆಲ್ಲಿತ್ತಾ, ಈ ಆ್ಯಂಟಿಬಯೋಟಿಕ್ ಯಾವುದಕ್ಕೆ? ಕೇಳಿದರೆ ಹೇಳುತ್ತಾರೆ. ಎಷ್ಟೋ ಸಲ ಆ ಪ್ರಶ್ನೆಗೇ ಒಂದು ಮಾತ್ರೆ ಕಡಿಮೆಯಾಗುತ್ತದೆ.

ಚಳಿ-ನಡುಕದ ಜ್ವರ, ಕಣ್ಣು ಹಳದಿಯಾಗುವುದು, ಹೊಟ್ಟೆ ನೋವು ಇಳಿಯುವ ಬದಲು ಏರುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಮಾತ್ರೆ ಮುಗಿಯಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಣಗಿದ ಗಾಯ ತಿಂಗಳಾದ ಮೇಲೆ ಮತ್ತೆ ಸೋರಿದರೆ ಮೆಡಿಕಲ್ ಶಾಪಿನಲ್ಲಿ ಮುಲಾಮು ಕೇಳಬೇಡಿ. ಆ ಕೀವನ್ನು ಮಾಮೂಲಿ ಕಲ್ಚರ್ ಜೊತೆಗೆ ಮೈಕೋಬ್ಯಾಕ್ಟೀರಿಯಾ ಪರೀಕ್ಷೆಗೂ ಕಳಿಸಿ ಎಂದು ನೀವೇ ಬಾಯಿಬಿಟ್ಟು ಹೇಳಿ.